ರಾತ್ರಿ ಹತ್ತಕ್ಕೆ ಯಾರನ್ನು ಕರೆಯಬೇಕು? ಹೋಂಸ್ಟೇ, ಹೋಟೆಲ್ ಆರಿಸುವಾಗ ನಾನು ನೋಡುವುದು

ನಮ್ಮದು ಹಾಸನ. ಮನೆ ಚಿಕ್ಕದು, ನೆಂಟರು ಜಾಸ್ತಿ. ದಸರಾ ರಜೆಯೋ, ಡಿಸೆಂಬರ್ ಕೊನೆಯ ವಾರವೋ ಹತ್ತಿರ ಬಂತೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಫೋನ್ ಶುರುವಾಗುತ್ತದೆ. "ಬೇಲೂರು, ಹಳೇಬೀಡು ನೋಡ್ಕೊಂಡು ಚಿಕ್ಕಮಗಳೂರಿಗೆ ಹೋಗ್ಬೇಕು. ಎಲ್ಲಿ ಉಳಿಯೋದು, ನೀನೇ ಹೇಳು." ಹೀಗೆ ನೆಂಟರಿಗೆಲ್ಲ ರೂಮು ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿದೆ. ನನಗೆ ಇಷ್ಟದ ಕೆಲಸ. ದೂರದಿಂದ ಬಂದವರು ನಮ್ಮೂರ ಕಡೆ ಚೆನ್ನಾಗಿ ಉಂಡು, ನೆಮ್ಮದಿಯಾಗಿ ಮಲಗಿ ಎದ್ದು ಹೋಗಬೇಕು ಅನ್ನುವುದು ನನ್ನ ಆಸೆ.

ಎಲ್ಲರೂ ಮೊದಲು ರೇಟು ಕೇಳುತ್ತಾರೆ. ನಾನು ಮೊದಲು ಕೇಳುವುದು ಬೇರೆ. ರಾತ್ರಿ ಹತ್ತು ಗಂಟೆಗೆ ಏನಾದರೂ ಬೇಕಾದರೆ ಯಾರನ್ನು ಕರೆಯಬೇಕು? ಮಗುವಿಗೆ ಬಿಸಿನೀರು ಬೇಕಾಗಬಹುದು. ಅಜ್ಜಿಗೆ ಎದೆ ಉರಿ ಶುರುವಾಗಬಹುದು. ಕರೆಂಟು ಹೋಗಬಹುದು, ಮಲೆನಾಡಿನಲ್ಲಿ ಹೋಗಿಯೇ ಹೋಗುತ್ತದೆ. ಹೋಟೆಲ್ ಆದರೆ ಕೆಳಗೆ ಕೌಂಟರಿನಲ್ಲಿ ಒಬ್ಬರು ಇದ್ದೇ ಇರುತ್ತಾರೆ. ಹೋಂಸ್ಟೇಯಲ್ಲಿ ಒಂದೊಂದು ಕಡೆ ಒಂದೊಂದು ಥರ.

ಯಾಕೆಂದರೆ ನಮ್ಮ ಕಡೆ ಹೋಂಸ್ಟೇ ಅಂತ ಬೋರ್ಡು ಹಾಕಿದ ಮನೆಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ಕಡೆ ತೋಟದ ಮನೆಯವರು ಅಲ್ಲೇ ವಾಸ ಇರುತ್ತಾರೆ. ಮಕ್ಕಳು ಓದಿಗೆ, ಕೆಲಸಕ್ಕೆ ಅಂತ ಹೊರಗೆ ಹೋದ ಮೇಲೆ ಖಾಲಿ ಉಳಿದ ಕೋಣೆಗಳನ್ನು ಅತಿಥಿಗಳಿಗೆ ಕೊಟ್ಟಿರುತ್ತಾರೆ. ಇನ್ನು ಕೆಲವು ಕಡೆ ಯಜಮಾನರು ಬೆಂಗಳೂರಿನಲ್ಲಿ, ಇಲ್ಲಿ ನೋಡಿಕೊಳ್ಳುವುದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅಥವಾ ಒಬ್ಬ ಅಡುಗೆಯವರು. ಈಚೆಗೆ ಜಾಸ್ತಿ ಆಗಿರುವುದು ಮತ್ತೊಂದು ಬಗೆ. ಯಾರೋ ಒಂದು ಮನೆಯನ್ನು ವರ್ಷಕ್ಕಿಷ್ಟು ಅಂತ ಲೀಸಿಗೆ ಹಿಡಿದು ಆಪ್‌ಗಳಲ್ಲಿ ದಿನದ ಬಾಡಿಗೆಗೆ ಬಿಡುತ್ತಾರೆ. ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಹಸಿರು, ಮಂಜು, ಜಗಲಿಯಲ್ಲಿ ಎರಡು ಬೆತ್ತದ ಕುರ್ಚಿ.

ಅದಕ್ಕೇ ಆಪ್‌ನಲ್ಲಿ ನೋಡಿದ ಮೇಲೂ ನಾನು ಫೋನ್ ಮಾಡದೆ ಬಿಡುವುದಿಲ್ಲ. ರಾತ್ರಿ ಅಡುಗೆ ಯಾರು ಮಾಡುತ್ತಾರೆ, ಅವರು ಎಲ್ಲಿ ಮಲಗುತ್ತಾರೆ ಅಂತ ಕೇಳುತ್ತೇನೆ. "ನಮ್ಮ ಮನೆಯವರೇ ಮಾಡ್ತಾರೆ, ನಾವು ಮುಂದಿನ ಕೋಣೆಯಲ್ಲೇ ಇರ್ತೀವಿ" ಅಂದರೆ ಅರ್ಧ ತೀರ್ಮಾನ ಆದ ಹಾಗೆ. ಅಡುಗೆಯವರು ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಇರುತ್ತಾರೆ, ಕೂಗಿದರೆ ಕೇಳುತ್ತದೆ ಅಂದರೂ ಸರಿ. "ಊಟ ಇಟ್ಟು ಹೋಗ್ತಾರೆ, ಬೆಳಿಗ್ಗೆ ಬರ್ತಾರೆ" ಅಂದರೆ ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಗುಂಪನ್ನು ನಾನು ಅಲ್ಲಿಗೆ ಕಳಿಸುವುದಿಲ್ಲ.

ನಮ್ಮ ಸಂಬಂಧಿಕರೊಬ್ಬರು ಜುಲೈ ತಿಂಗಳಲ್ಲಿ ಸಕಲೇಶಪುರದಿಂದ ಒಳಗೆ ಇಂಥದ್ದೇ ಒಂದು ಲೀಸಿನ ಮನೆ ಹಿಡಿದಿದ್ದರು. ಕೊನೆಯ ಎರಡು ಕಿಲೋಮೀಟರ್ ಮಣ್ಣು ರಸ್ತೆ. ಮಳೆಗೆ ಕಾರು ಹತ್ತಲಿಲ್ಲ. ಸಾಮಾನು ಹೊತ್ತುಕೊಂಡು ನಡೆದು ಸೇರಿದರೆ ಕರೆಂಟಿಲ್ಲ, ಜನರೇಟರಿಗೆ ಡೀಸೆಲ್ ಇಲ್ಲ. ನೋಡಿಕೊಳ್ಳುವ ಹುಡುಗ ತನ್ನ ಊರಿಗೆ ಹೋಗಿದ್ದ. ದುಡ್ಡು ತೆಗೆದುಕೊಂಡವರ ನಂಬರಿಗೆ ಮಾತಾಡೋಣವೆಂದರೆ ಸಿಗ್ನಲ್ ಇಲ್ಲ. ಮಕ್ಕಳನ್ನು ಕಟ್ಟಿಕೊಂಡು ಬೆಳಗಾಗುವವರೆಗೆ ಕೂತಿದ್ದರು. ಅದನ್ನು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ದುಡ್ಡು ತೆಗೆದುಕೊಂಡ ಮೇಲೆ ಬಾಗಿಲಲ್ಲಿ ಒಬ್ಬ ಮನುಷ್ಯ ಇರಬೇಕು. ಅಷ್ಟೂ ಮಾಡದವರು ಹೋಂಸ್ಟೇ ಅನ್ನುವ ಹೆಸರು ಇಟ್ಟುಕೊಳ್ಳಬಾರದು.

ಮನೆಯವರು ಜೊತೆಗಿರುವ ಹೋಂಸ್ಟೇಯಲ್ಲಿ ಸಿಗುವುದು ಯಾವ ಹೋಟೆಲ್‌ನಲ್ಲೂ ಸಿಗುವುದಿಲ್ಲ. ಊಟದ ವಿಷಯದಲ್ಲಂತೂ ಎರಡು ಮಾತಿಲ್ಲ. ಬೆಳಿಗ್ಗೆ ಕಾವಲಿಯಿಂದ ನೇರ ತಟ್ಟೆಗೆ ಬೀಳುವ ಅಕ್ಕಿರೊಟ್ಟಿ. ರಾತ್ರಿ ಕಡುಬು, ಕೋಳಿಸಾರು. ಮಳೆಗಾಲವಾದರೆ ಕಳಲೆ ಪಲ್ಯ, ಅಣಬೆ ಸಾರು, ಕೆಸುವಿನ ಪತ್ರೊಡೆ. ಸೌದೆ ಒಲೆಯ ಹಂಡೆಯಲ್ಲಿ ಕಾದ ನೀರಿನ ಸ್ನಾನ. ಮೂಡಿಗೆರೆ ಕಡೆ ಒಂದು ಮನೆಯಲ್ಲಿ ನಮ್ಮ ಅಕ್ಕನ ಮಕ್ಕಳು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ನಡೆಯುವುದನ್ನು, ಕಣದಲ್ಲಿ ಕಾಫಿ ಹರಡುವುದನ್ನು ನೋಡುತ್ತಾ ಇಡೀ ಬೆಳಿಗ್ಗೆ ಕಳೆದರು. ಆ ದಿನದ ಜಲಪಾತದ ಕಾರ್ಯಕ್ರಮವನ್ನು ಅವರೇ ರದ್ದು ಮಾಡಿದರು. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ಅದರ ಹಿಂದೆಯೇ ರೋಬಸ್ಟಾ. ಆಗ ಮನೆಯವರಿಗೆ ಕೂತು ಮಾತಾಡಲು ಪುರುಸೊತ್ತು ಕಡಿಮೆ. ಆದರೆ ತೋಟ ನೋಡಲು ಅದೇ ಒಳ್ಳೆಯ ಸಮಯ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ವಾರ, ಹತ್ತು ದಿನಕ್ಕೆ ಕಾಫಿ ಗಿಡಗಳೆಲ್ಲ ಹೂ ಬಿಟ್ಟು ಬೆಳ್ಳಗಾಗುತ್ತವೆ. ಅದು ಇಂಥ ದಿನವೇ ಅಂತ ಮೊದಲೇ ಹೇಳಲಾಗದು. ಪರಿಚಯದ ಹೋಂಸ್ಟೇಯವರಿಗೆ ಹೇಳಿಟ್ಟರೆ ಅವರೇ ಫೋನ್ ಮಾಡುತ್ತಾರೆ.

ಇನ್ನೊಂದು ಕಾರಣ ಆನೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳ ತೋಟಗಳಲ್ಲಿ ಕಾಡಾನೆ ಓಡಾಡುತ್ತವೆ. ಜನ ಸತ್ತಿದ್ದಾರೆ. ಇದು ಹೆದರಿಸಲು ಹೇಳುವ ಮಾತಲ್ಲ. ಊರಿನವರಿಗೆ ಇವತ್ತು ಆನೆ ಯಾವ ತೋಟದಲ್ಲಿದೆ ಅನ್ನುವ ಸುದ್ದಿ ಬರುತ್ತಿರುತ್ತದೆ. ಸಂಜೆ ಆದ ಮೇಲೆ ಗೇಟು ದಾಟಬೇಡಿ, ನಾಳೆ ಬೆಳಿಗ್ಗೆ ಈ ಕಡೆ ವಾಕಿಂಗ್ ಬೇಡ ಅಂತ ಹೇಳಲು ಅಲ್ಲಿಯ ಮನುಷ್ಯ ಒಬ್ಬ ಬೇಕು, ಅಲ್ವಾ? ಬೀಗದ ಕೈ ಎಲ್ಲಿಟ್ಟಿದ್ದೇವೆ ಅಂತ ಮೆಸೇಜು ಕಳಿಸಿ ಸುಮ್ಮನಾಗುವವರು ಇದನ್ನು ಹೇಳುವುದಿಲ್ಲ.

ಇಷ್ಟು ಹೇಳಿದರೂ ಅರ್ಧಕ್ಕರ್ಧ ಸಲ ನಾನು ಹೋಟೆಲ್ಲನ್ನೇ ಹಿಡಿಯುತ್ತೇನೆ. ದಿನವಿಡೀ ಸುತ್ತಾಡಿ ರಾತ್ರಿ ಮಲಗಲು ಮಾತ್ರ ಬರುವವರಿಗೆ ತೋಟದ ಮನೆ ದಂಡ. ಹಾಸನದಿಂದ ಬೇಲೂರು 40 ಕಿಲೋಮೀಟರಿನ ಒಳಗೆ. ಬೇಲೂರು, ಹಳೇಬೀಡಿನ ನಡುವೆ 16. ಹಾಸನ ಪೇಟೆಯ ಹೋಟೆಲ್‌ನಲ್ಲಿ ಇದ್ದು ಒಂದು ದಿನ ಈ ಕಡೆ, ಮರುದಿನ ಶ್ರವಣಬೆಳಗೊಳ ನೋಡಿ ಬರಬಹುದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ದೇವಸ್ಥಾನಕ್ಕೆ ಅಂತಲೇ ಬರುವ ನೆಂಟರೂ ಇದ್ದಾರೆ. ಬೇಲೂರಿನಲ್ಲೇ ಉಳಿಯುತ್ತೇವೆ ಅನ್ನುವವರಿಗೆ ಪ್ರವಾಸೋದ್ಯಮ ನಿಗಮದ ಮಯೂರ ವೇಲಾಪುರಿ ಇದೆ. ಬೆಳಿಗ್ಗೆ ಬೇಗ, ಬಸ್ಸುಗಳಲ್ಲಿ ಜನ ಬಂದು ಇಳಿಯುವ ಮೊದಲು ಚೆನ್ನಕೇಶವನ ಅಂಗಳದಲ್ಲಿ ನಿಲ್ಲಬೇಕು ಅನ್ನುವವರಿಗೆ ಊರಲ್ಲೇ ಇರುವುದು ಒಳ್ಳೆಯದು.

ನನ್ನ ಅತ್ತೆಗೆ ಮಂಡಿನೋವು. ಅವರಿಗೆ ಲಿಫ್ಟ್ ಬೇಕು ಅಥವಾ ನೆಲಮಹಡಿಯ ರೂಮು ಬೇಕು. ವೆಸ್ಟರ್ನ್ ಕಮೋಡ್ ಬೇಕು. ಬಚ್ಚಲಿಗೆ ಹೋಗಲು ಮೆಟ್ಟಿಲು ಇರಬಾರದು. ಹಳೆಯ ತೋಟದ ಮನೆಗಳಲ್ಲಿ ಈ ಮೆಟ್ಟಿಲು ಇದ್ದೇ ಇರುತ್ತದೆ, ಹೊಸ್ತಿಲೂ ಎತ್ತರ. ಬಿ.ಪಿ., ಸಕ್ಕರೆ ಕಾಯಿಲೆ ಇರುವವರು ಬಂದರೆ ಆಸ್ಪತ್ರೆ ಎಷ್ಟು ದೂರ ಅಂತ ನೋಡುತ್ತೇನೆ. ಘಾಟಿಯ ರಸ್ತೆಯಲ್ಲಿ ರಾತ್ರಿ 30 ಕಿಲೋಮೀಟರ್ ಅಂದರೆ ಒಂದು ಗಂಟೆಗೂ ಮೇಲೆ. ಇಂಥವರಿಗೆ ಹಾಸನ ಅಥವಾ ಚಿಕ್ಕಮಗಳೂರು ಪೇಟೆಯೇ ಸರಿ.

ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಮುಖ್ಯ ಅನ್ನುವವರಿಗೂ ಚಿಕ್ಕಮಗಳೂರು ಪೇಟೆಯ ಹೋಟೆಲ್ಲನ್ನೇ ಹೇಳುತ್ತೇನೆ. ಗಿರಿಗೆ ಹೋಗುವ ವಾಹನಗಳಿಗೆ ಈಗ ಆನ್‌ಲೈನ್‌ನಲ್ಲಿ ಮುಂಚೆಯೇ ನೋಂದಣಿ ಮಾಡಿಸಬೇಕು, ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಅಂತ ಇದೆ. ದೂರದ ತೋಟದಿಂದ ಹೊರಟು ಬೆಳಗಿನ ಪಾಳಿ ಹಿಡಿಯುವುದು ಕಷ್ಟ. ಆಪ್‌ನಲ್ಲಿ ಚಿಕ್ಕಮಗಳೂರು ಅಂತ ಹುಡುಕಿದರೆ ಕಳಸದ ಮನೆಯೂ ಬರುತ್ತದೆ. ಚಿಕ್ಕಮಗಳೂರು ಪೇಟೆಯಿಂದ ಕಳಸ ಸುಮಾರು 90 ಕಿಲೋಮೀಟರ್! ಹೊರನಾಡಿಗೆ ಹೋಗುವವರಿಗೆ ಅದು ಒಳ್ಳೆಯ ಜಾಗ, ಮುಳ್ಳಯ್ಯನಗಿರಿಗೆ ಹೋಗುವವರಿಗೆ ಅಲ್ಲ. ಹಾಗಾಗಿ ರೂಮಿನ ಫೋಟೋಗಿಂತ ಮೊದಲು ನಾನು ಮ್ಯಾಪ್ ನೋಡುತ್ತೇನೆ, ಯಾವ ತಾಲ್ಲೂಕು ಅಂತ ಕೇಳುತ್ತೇನೆ.

ಇನ್ನು ದುಡ್ಡು. ಇಲ್ಲಿ ಲೆಕ್ಕ ತಪ್ಪುವುದು ಸುಲಭ, ಯಾಕೆಂದರೆ ಹೋಟೆಲ್ಲಿನವರು ರೂಮಿಗೆ ಇಷ್ಟು ಅನ್ನುತ್ತಾರೆ, ನಮ್ಮ ಕಡೆಯ ಹೋಂಸ್ಟೇಯವರು ತಲೆಗೆ ಇಷ್ಟು ಅನ್ನುತ್ತಾರೆ. ನಾಲ್ಕು ಜನ ದೊಡ್ಡವರು ಅಂತ ಇಟ್ಟುಕೊಳ್ಳಿ. ತಲೆಗೆ 2,000 ಅಂದರೆ ಹೋಂಸ್ಟೇಗೆ ದಿನಕ್ಕೆ 8,000 ರೂಪಾಯಿ. ಅದರಲ್ಲಿ ಸಂಜೆಯ ಕಾಫಿ ತಿಂಡಿ, ರಾತ್ರಿ ಊಟ, ಬೆಳಗಿನ ತಿಂಡಿ ಸೇರಿರುತ್ತದೆ. ಹೋಟೆಲ್‌ನಲ್ಲಿ 2,500ರ ಎರಡು ರೂಮಿಗೆ 5,000, ಜಿಎಸ್‌ಟಿ ಸೇರಿ 5,250. ಅಷ್ಟೇ ಊಟ ತಿಂಡಿಯನ್ನು ಹೊರಗೆ ಮಾಡಿದರೆ ನಾಲ್ಕು ಜನಕ್ಕೆ 2,000 ಆಗುತ್ತದೆ. ಕೊನೆಗೆ ಉಳಿಯುವ ವ್ಯತ್ಯಾಸ 750 ರೂಪಾಯಿ. ಆ ಊಟಕ್ಕೆ, ಆ ಜಾಗಕ್ಕೆ ನಾನು ಅದನ್ನು ಸಂತೋಷವಾಗಿ ಕೊಡುತ್ತೇನೆ. ಇಬ್ಬರೇ ಹೋಗುವುದಾದರೆ ಅಂತರ ಇನ್ನೂ ಕಡಿಮೆ. ಆದರೆ ಒಂದೇ ರೂಮಿನಲ್ಲಿ ಎಕ್ಸ್‌ಟ್ರಾ ಬೆಡ್ ಹಾಕಿಸಿ ಮೂರು ಜನ ಮಲಗುವ ಕುಟುಂಬಕ್ಕೆ ಹೋಟೆಲ್ ಅಗ್ಗ. ಮಕ್ಕಳಿಗೆ ಎಷ್ಟು ವರ್ಷದವರೆಗೆ ಪುಕ್ಕಟೆ, ಎಷ್ಟರವರೆಗೆ ಅರ್ಧ ಅಂತ ಮೊದಲೇ ಕೇಳಿ. ಅಲ್ಲೇ ಲೆಕ್ಕ ಬದಲಾಗುತ್ತದೆ. ಜೀಪಿನ ಬಾಡಿಗೆ, ಕ್ಯಾಂಪ್‌ಫೈರ್ ಸೇರಿದೆಯೋ ಬೇರೆಯೋ ಅಂತಲೂ ಕೇಳಬೇಕು.

ಜಿಎಸ್‌ಟಿ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅದಕ್ಕಿಂತ ಮೇಲಿನದಕ್ಕೆ ಶೇ 18. ಹೋಟೆಲ್ಲಿನವರು ಹಳೆಯ ಲೆಕ್ಕದಲ್ಲಿ ರೇಟು ಹೇಳಿದರೆ ಕೇಳಲು ಸಂಕೋಚ ಬೇಡ. ಆಪ್‌ಗಳಲ್ಲಿ ಮನೆ ಹಿಡಿಯುವಾಗ ಕ್ಲೀನಿಂಗ್ ಚಾರ್ಜು, ಸರ್ವಿಸ್ ಚಾರ್ಜು ಇದ್ದರೆ ಅವನ್ನೂ ಸೇರಿಸಿದ ಒಟ್ಟು ಮೊತ್ತವನ್ನೇ ನೋಡಿ.

ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಅಂತಲೂ ಕೇಳುತ್ತೇನೆ. ಬೇಜಾರಿಲ್ಲದೆ ಹೌದು ಅಂತ ಹೇಳುವವರು, ಬಂದವರೆಲ್ಲರ ಗುರುತಿನ ಚೀಟಿ ಕೇಳುವವರು ನನಗೆ ಇಷ್ಟ. ಚೀಟಿ ಯಾಕೆ ಅಂತ ನಮ್ಮ ನೆಂಟರು ಗೊಣಗುತ್ತಾರೆ. ನನಗೆ ಅದೇ ಧೈರ್ಯ ಕೊಡುತ್ತದೆ. ವಿದೇಶಿ ಪಾಸ್‌ಪೋರ್ಟ್ ಇರುವ ನೆಂಟರು ಬಂದರೆ ಇದು ಇನ್ನೂ ಮುಖ್ಯ. ಅಂಥವರು ಬಂದ 24 ಗಂಟೆಯೊಳಗೆ ಉಳಿಸಿಕೊಂಡವರು ಅವರ ವಿವರವನ್ನು ಸರ್ಕಾರಕ್ಕೆ ತಿಳಿಸುವ ಫಾರ್ಮ್ (ಮೊದಲು ಸಿ ಫಾರ್ಮ್ ಅನ್ನುತ್ತಿದ್ದರು) ತುಂಬಬೇಕು, ಅದು ಹೋಟೆಲ್ಲಾದರೂ ಸರಿ, ಹೋಂಸ್ಟೇ ಆದರೂ ಸರಿ. ಆ ಫಾರ್ಮ್ ಗೊತ್ತೇ ಇಲ್ಲ ಅನ್ನುವ ಮನೆಗೆ ಅವರನ್ನು ಕಳಿಸುವುದಿಲ್ಲ.

ಈಗ ನಾನು ಜಾಸ್ತಿ ಮಾಡುವುದು ಎರಡನ್ನೂ ಬೆರೆಸುವುದು. ರಾತ್ರಿ ರೈಲಿಗೋ ಬಸ್ಸಿಗೋ ಬಂದು ಇಳಿಯುವವರಿಗೆ ಮೊದಲ ರಾತ್ರಿ ಹಾಸನದಲ್ಲಿ ಹೋಟೆಲ್. ಮರುದಿನ ದೇವಸ್ಥಾನಗಳನ್ನು ನೋಡಿಕೊಂಡು ಬೆಳಕಿರುವಾಗಲೇ, ನಾಲ್ಕು, ಐದು ಗಂಟೆಯ ಹೊತ್ತಿಗೆ, ತೋಟದ ಮನೆ ಸೇರಬೇಕು. ಆಮೇಲೆ ಎರಡು ರಾತ್ರಿ ಅಲ್ಲೇ. ಒಂದೇ ರಾತ್ರಿಗೆ ಹೋಂಸ್ಟೇ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ. ಸಂಜೆ ಬಂದು ಬೆಳಿಗ್ಗೆ ಹನ್ನೊಂದಕ್ಕೆ ಹೊರಟರೆ ತೋಟದಲ್ಲಿ ಒಂದು ಸುತ್ತು ಹೋಗಲೂ ಆಗುವುದಿಲ್ಲ. ಮಳೆಗಾಲದಲ್ಲಿ ಮುಂಗಡ ಕೊಡುವ ಮೊದಲು ರಸ್ತೆ ಬಂದ್ ಆದರೆ ತಾರೀಖು ಮುಂದೆ ಹಾಕುತ್ತೀರಾ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳುತ್ತೇನೆ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಮಣ್ಣು ಕುಸಿಯುವುದು ಹೊಸದೇನಲ್ಲ. ಮಳೆಗಾಲದಲ್ಲಿ ಕಾಲಿಗೆ ಹತ್ತುವ ಇಂಬಳಕ್ಕೆ, ಅಂದರೆ ಜಿಗಣೆಗೆ, ಉಪ್ಪು ಹೋಂಸ್ಟೇಯವರ ಹತ್ತಿರವೇ ಇರುತ್ತದೆ, ಅದರ ಚಿಂತೆ ಬೇಡ.

ಡಿಸೆಂಬರಿನಲ್ಲಿ ದತ್ತಜಯಂತಿಯ ದಿನಗಳಲ್ಲಿ ಜಿಲ್ಲಾಡಳಿತ ಚಿಕ್ಕಮಗಳೂರಿನ ಗಿರಿಗೆ ಪ್ರವಾಸಿಗರನ್ನು ತಡೆಯುತ್ತದೆ. ರೂಮು ಹಿಡಿಯುವ ಮೊದಲೇ ತಾರೀಖು ನೋಡಿಕೊಳ್ಳಿ. ಹಾಸನದಲ್ಲಿ ಕಷ್ಟದ ಸಮಯ ಹಾಸನಾಂಬೆಯ ದರ್ಶನದ್ದು. ದೇವಸ್ಥಾನದ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ, ದೀಪಾವಳಿಯ ಆಸುಪಾಸು. ಆ ದಿನಗಳಲ್ಲಿ ಪೇಟೆಯಲ್ಲಿ ರೂಮು ಸಿಗುವುದೇ ಕಷ್ಟ, ಸಿಕ್ಕರೂ ರೇಟು ಮೇಲೆ. ತಾರೀಖು ಪ್ರಕಟವಾದ ದಿನವೇ ಫೋನ್ ಮಾಡಿದರೆ ಸಿಗಬಹುದು. ಇಲ್ಲದಿದ್ದರೆ ಚನ್ನರಾಯಪಟ್ಟಣದಲ್ಲೋ ಅರಸೀಕೆರೆಯಲ್ಲೋ ಹೋಟೆಲ್ ಹಿಡಿಸುತ್ತೇನೆ. ಎರಡೂ ಕಡೆಯಿಂದ ಒಂದು ಗಂಟೆಯ ದಾರಿ. ಬೆಳಗಿನ ಜಾವ ಹೊರಟು ಬಂದು ಸಾಲಿಗೆ ನಿಲ್ಲಬಹುದು.