900 ಮೆಗಾಹರ್ಟ್ಸ್ ಪೀಫಾ ಆಂಟೆನಾ ನಾನು ಮಾಡೆಲ್ ಮಾಡೋ ರೀತಿ

ಮೊಬೈಲ್ ಬ್ಯಾಂಡಿಗೆ ಚಪ್ಪಟೆ ಆಂಟೆನಾ ಬೇಕು ಅಂದ್ರೆ ನಾನು ಮೊದ್ಲು ಕೈ ಹಾಕೋದು ಪೀಫಾಗೆ (ಪ್ಲೇನರ್ ಇನ್ವರ್ಟೆಡ್-ಎಫ್ ಆಂಟೆನಾ). ಬೋರ್ಡ್ ಮೇಲೆ ಒಂದು ತಗಡು, ಮೂಲೆಲಿ ಅದನ್ನ ಗ್ರೌಂಡಿಗೆ, ಅಂದ್ರೆ ಬೋರ್ಡಿನ ತಾಮ್ರದ ಪದರಕ್ಕೆ, ಸೇರಿಸೋ ಸಣ್ಣ ಪಿನ್, ಪಕ್ಕದಲ್ಲಿ ಸಿಗ್ನಲ್ ಕೊಡೋ ಫೀಡ್, ಅಷ್ಟೇ. 900 ಮೆಗಾಹರ್ಟ್ಸ್‌ಗೆ ತರಂಗದ ಉದ್ದ 333 ಮಿಮೀ, ಅದರ ಕಾಲು ಭಾಗ 83. ತಗಡಿನ ಉದ್ದ, ಅಗಲ, ಎತ್ತರ ಮೂರೂ ಕೂಡಿಸಿದ್ರೆ ಹೆಚ್ಚುಕಮ್ಮಿ ಅಷ್ಟು ಬರಬೇಕು, ನಾನು 40, 35, 8 ಇಟ್ಕೊಂಡು ಶುರು ಮಾಡ್ತೀನಿ.

ಆದ್ರೆ ತಗಡಿಗಿಂತ ಮೊದ್ಲು ಬೋರ್ಡಿನ ಗ್ರೌಂಡನ್ನ ಸರಿಯಾದ ಅಳತೇಲಿ ಬರೀತೀನಿ, ಯಾಕಂದ್ರೆ ಈ ಫ್ರೀಕ್ವೆನ್ಸಿಲಿ ಬಹುಪಾಲು ರೇಡಿಯೇಟ್ ಮಾಡೋದು ಅದೇ, ತಗಡು ಅದಕ್ಕೆ ಕರೆಂಟ್ ಹತ್ತಿಸಿಕೊಡುತ್ತೆ ಅಷ್ಟೆ. ಗ್ರೌಂಡ್ 130 ಮಿಮೀ ಆಸುಪಾಸು ಉದ್ದ ಇದ್ರೆ ಬ್ಯಾಂಡ್‌ವಿಡ್ತ್ ಚೆನ್ನಾಗಿ ಸಿಗುತ್ತೆ, 60ಕ್ಕೆ ಇಳಿಸಿ ನೋಡಿ, ಅದೇ ತಗಡಲ್ಲಿ 880ರಿಂದ 960 ಮೆಗಾಹರ್ಟ್ಸ್ ತುಂಬ್ಸೋಕೆ ಒದ್ದಾಡ್ಬೇಕು. ಬೋರ್ಡ್ ಇನ್ನೂ ಚಿಕ್ಕದು ಮಾಡೋಣ ಅಂತ ಯಾರಾದ್ರೂ ಬಂದ್ರೆ ಈ ಎರಡು ಅಳತೆಯ ಗ್ರಾಫ್ ಪಕ್ಕಪಕ್ಕ ಇಟ್ಟು ತೋರಿಸ್ತೀನಿ, ಬಾಯಲ್ಲಿ ಹೇಳಿದ್ರೆ ನಂಬಲ್ಲ.

ಸಿಮ್ಯುಲೇಶನ್ ಓಪನ್‌ಇಎಂಎಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ, ದುಡ್ಡು ಕೊಡ್ಬೇಕಿಲ್ಲ, ಆದ್ರೆ ಮೆಶ್, ಅಂದ್ರೆ ಮಾಡೆಲನ್ನ ಸಣ್ಣ ಸೆಲ್‌ಗಳಾಗಿ ಹೋಳು ಮಾಡೋ ಗೆರೆಗಳನ್ನ, ನಾವೇ ನೋಡ್ಕೋಬೇಕು. ಲೋಹದ ಅಂಚಿನ ಮೇಲೇ ಗೆರೆ ಹಾಕಲ್ಲ, ಸೆಲ್ಲಿನ ಮೂರನೇ ಒಂದು ಭಾಗ ಒಳಗೆ, ಉಳಿದ ಎರಡು ಭಾಗ ಹೊರಗೆ ಬರೋ ಹಾಗೆ ಹಾಕ್ತೀನಿ, ಆಗ ರೆಸೊನೆನ್ಸ್ (ಆಂಟೆನಾ ಅನುರಣಿಸೋ ಫ್ರೀಕ್ವೆನ್ಸಿ) ಸರಿಯಾದ ಜಾಗಕ್ಕೆ ಬರುತ್ತೆ. ಎಲ್ಲೋ ಒಂದು ಕಡೆ ತೀರಾ ಸಣ್ಣ ಸೆಲ್ ಉಳಿದ್ಬಿಟ್ರೆ ಲೆಕ್ಕದ ಟೈಮ್‌ಸ್ಟೆಪ್ಪೂ ಅಷ್ಟೇ ಸಣ್ಣದಾಗಿ ಇಡೀ ರನ್ ಆಮೆ ಥರ ತೆವಳುತ್ತೆ.

ಮ್ಯಾಚಿಂಗ್, ಅಂದ್ರೆ ಆಂಟೆನಾ ಇಂಪಿಡೆನ್ಸನ್ನ 50 ಓಮ್‌ಗೆ ಹೊಂದಿಸೋದು, ಸುಲಭ: ಫೀಡನ್ನ ಪಿನ್ ಹತ್ರ ತಂದ್ರೆ ಇಂಪಿಡೆನ್ಸ್ ಇಳಿಯುತ್ತೆ, ದೂರ ಒಯ್ದ್ರೆ ಏರುತ್ತೆ. ಪ್ಲಾಸ್ಟಿಕ್ ಕವರನ್ನೂ ಮಾಡೆಲ್‌ಗೆ ಸೇರಿಸಿದ ಮೇಲೇ ಉದ್ದ ಫೈನಲ್ ಮಾಡೋದು, ಕವರ್ ಹಾಕಿದ್ರೆ ರೆಸೊನೆನ್ಸ್ ಕೆಳಗೆ ಜಾರುತ್ತೆ.

ಆಮೇಲೆ ತಾಮ್ರದ ಟೇಪಲ್ಲಿ ಒಂದು ಮಾಡಿ ವಿಎನ್‌ಎಗೆ (ಆಂಟೆನಾದಿಂದ ಎಷ್ಟು ಸಿಗ್ನಲ್ ವಾಪಸ್ ಬರುತ್ತೆ ಅಂತ ಅಳೆಯೋ ಉಪಕರಣ) ಹಾಕ್ತೀನಿ. ಕೇಬಲ್ ಮುಟ್ಟಿದಾಗ ಗ್ರಾಫ್ ಅಲುಗಾಡಿದ್ರೆ ಕೇಬಲ್ಲೂ ಆಂಟೆನಾ ಆಗಿದೆ ಅಂತರ್ಥ, ಅದಕ್ಕೇ ಕೇಬಲ್ಲನ್ನ ಬೋರ್ಡಿನ ಉದ್ದದ ನಟ್ಟನಡುವಿಂದ ಅಡ್ಡಕ್ಕೆ ಹೊರಗೆ ತಂದು, ಅದರ ಮೇಲೆ ಹರಿಯೋ ಕರೆಂಟ್ ತಡೆಯೋಕೆ ಫೆರೈಟ್ ಹಾಕ್ತೀನಿ. ಮೊಬೈಲ್ ಆಂಟೆನಾಗೆ ವಾಪಸ್ ಬರೋ ಸಿಗ್ನಲ್ ಮೈನಸ್ 6 ಡಿಬಿ ಸಿಕ್ರೆ ಸಾಮಾನ್ಯವಾಗಿ ಒಪ್ಕೋತಾರೆ. ಮೈನಸ್ 20 ಬಂತು ಅಂತ ಕುಣಿಯೋರನ್ನ ನೋಡಿದ್ರೆ ನಗು ಬರುತ್ತೆ, 50 ಓಮ್ ರೆಸಿಸ್ಟರ್ ಇಟ್ರೂ ಅದು ಬರುತ್ತಲ್ಲ, ಎಫಿಷಿಯೆನ್ಸಿ, ಅಂದ್ರೆ ಕೊಟ್ಟ ಪವರ್‌ನಲ್ಲಿ ರೇಡಿಯೇಟ್ ಆಗೋ ಪಾಲು, ಎಷ್ಟು ಅಂತ ಕೇಳಿ ಮೊದ್ಲು.