ಗೊರೂರು ಹಿನ್ನೀರಿನಲ್ಲಿ ವಲಸೆ ಹಕ್ಕಿಗಳ ಎಣಿಕೆ: ನನ್ನ ಅನುಭವ

ಕೆಸರಂಚಿನ ವಲಸೆ ಹಕ್ಕಿಗಳನ್ನು ಅಧ್ಯಯನ ಮಾಡಬೇಕಾದರೆ ಗೋದಾವರಿಯ ಕೊರಿಂಗಕ್ಕೋ, ಕಾವೇರಿ ಮುಖಜಭೂಮಿಯ ಪಾಯಿಂಟ್ ಕ್ಯಾಲಿಮೇರ್‌ಗೋ ಹೋಗಬೇಕು, ಹಾಸನದಲ್ಲಿ ಕುಳಿತು ಪ್ರಯೋಜನವಿಲ್ಲ ಎಂದು ಹಿರಿಯ ಪಕ್ಷಿವೀಕ್ಷಕರು ಹೇಳುತ್ತಿದ್ದರು. ನಮ್ಮ ಜನವರಿ ಗಣತಿಯ ಪಟ್ಟಿಗಳೂ ಅವರ ಮಾತಿಗೇ ಸಾಕ್ಷಿಯಾಗಿದ್ದವು. ಆದರೆ ಗೊರೂರಿನ ಹೇಮಾವತಿ ಜಲಾಶಯದ ನೀರು 2,922 ಅಡಿಯ ಪೂರ್ಣಮಟ್ಟದಿಂದ ಸಾಕಷ್ಟು ಇಳಿದು, ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಬುಡ ಕಾಣುವ ಹೊತ್ತಿಗೆ ಮಾತ್ರ ಹಿನ್ನೀರಿನ ಕೆಸರು ಬಯಲಾಗುತ್ತದೆ. ಹಕ್ಕಿಗಳು ಗುಂಪುಗಟ್ಟುವುದೂ ಆಗಲೇ.

ಕಡಲಂಚಿನಲ್ಲಿ ಉಬ್ಬರದ ವೇಳೆ ಒಂದೆಡೆ ಸೇರುವ ಹಕ್ಕಿಗಳನ್ನು ಎಣಿಸುವ ಕ್ರಮ ಇಲ್ಲಿಗೆ ಒಗ್ಗಲಿಲ್ಲ, ಏಕೆಂದರೆ ಇಲ್ಲಿನ ನೀರು ತಿಂಗಳುಗಟ್ಟಲೆ ಒಂದೇ ದಿಕ್ಕಿಗೆ ಸರಿಯುತ್ತದೆ. ಹಾಗಾಗಿ ಆ ದಿನದ ನೀರಂಚಿನಿಂದ ದಡದತ್ತ ಹತ್ತು ಹತ್ತು ಮೀಟರಿನ ಪಟ್ಟಿಗಳನ್ನು ಗುರುತಿಸಿ, ಪ್ರತಿ ಪಟ್ಟಿಯ ಹಕ್ಕಿಗಳನ್ನು ಬೇರೆಬೇರೆಯಾಗಿ ಎಣಿಸಿ, ಜೊತೆಗೆ ಜಲಾಶಯದ ಮಟ್ಟವನ್ನೂ ಬರೆಯತೊಡಗಿದೆ. ನೆಟ್ಟ ಬಿದಿರಿನ ಗೂಟಗಳು ಮೊದಲ ವರ್ಷ ಸೌದೆಯಾಗಿ ಮಾಯವಾದವು, ಮರುವರ್ಷ ದನಗಳು ಕೆಡವಿದವು. ಕೊನೆಗೆ ಸುಣ್ಣ ಬಳಿದ ಕಲ್ಲುಗಳೇ ನಿಂತವು. ಸುಮಾರು ಎಂಟು ಸಾವಿರ ಕೊಟ್ಟು ಬಾಡಿಗೆಗೆ ತಂದ ಡ್ರೋನ್ ಮೇಲೇರಿದ ಕೂಡಲೇ ಹಿಂಡು ಎದ್ದುಹೋಯಿತು. ಹಕ್ಕಿಯ ಪಯಣದ ಜಾಡು ತಿಳಿಸುವ ಟ್ಯಾಗ್ ಹಾಕಬಾರದೇ ಎಂದವರಿದ್ದರು. ಇಪ್ಪತ್ತೈದು ಗ್ರಾಂ ತೂಗುವ ಲಿಟಲ್ ಸ್ಟಿಂಟ್‌ ಎಂಬ ಪುಟ್ಟ ಹಕ್ಕಿಗೆ ಹಾಕುವ ಟ್ಯಾಗ್ ಅದರ ತೂಕದ ಮೂರು ಶೇಕಡಾ ಮೀರಬಾರದು, ಎಂದರೆ ಮುಕ್ಕಾಲು ಗ್ರಾಂ; ಅಷ್ಟು ಹಗುರವಾದ ಟ್ಯಾಗಿಗೂ ಪರವಾನಗಿಗೂ ನನ್ನ ಕೈಯಲ್ಲಿ ಹಣವಿರಲಿಲ್ಲ. ಮೂವತ್ತೈದು ಸಾವಿರದ ಆಸುಪಾಸಿನಲ್ಲಿ ಕೊಂಡ, ದೂರದ ಹಕ್ಕಿಗಳನ್ನು ಹತ್ತಿರವಾಗಿ ತೋರಿಸುವ ಹಳೆಯ ಸ್ಪಾಟಿಂಗ್ ಸ್ಕೋಪೇ ನನ್ನ ದೊಡ್ಡ ಖರ್ಚು.

ಮೂರನೆಯ ಬೇಸಿಗೆಯಲ್ಲಿ ಚಿತ್ರ ಸ್ಪಷ್ಟವಾಯಿತು. ಸ್ಟಿಂಟ್‌ಗಳಲ್ಲಿ ಹತ್ತಕ್ಕೆ ಏಳು ಮೊದಲ ಪಟ್ಟಿಯಲ್ಲೇ ಇದ್ದವು, ವುಡ್ ಸ್ಯಾಂಡ್‌ಪೈಪರ್‌ಗಳು ಹಿಂದಿನ ಹುಲ್ಲುಗುಂಡಿಗಳಲ್ಲಿ, ಲಿಟಲ್ ರಿಂಗ್ಡ್ ಪ್ಲವರ್‌ಗಳು ಬಿರುಕುಬಿಟ್ಟ ಒಣ ಮಣ್ಣಿನ ಮೇಲೆ. ನೀರು ನಿಧಾನವಾಗಿ ಇಳಿದ ವಾರಗಳಲ್ಲಿ ಸಂಖ್ಯೆ ಏರಿತು. ನಾಲೆಗೆ ಒಮ್ಮೆಲೇ ಬಿಟ್ಟಾಗ ಕೆಸರು ಗಟ್ಟಿಯಾಗಿ ಹಿಂಡುಗಳು ಜಾಗ ಬಿಟ್ಟವು. ಕಾರಣ ತಿಳಿಯಲು ಪಿವಿಸಿ ಪೈಪಿನ ತುಂಡಿನಿಂದ ಕೆಸರು ತೆಗೆದು ಅಡುಗೆಮನೆಯ ಜರಡಿಯಲ್ಲಿ ತೊಳೆದೆ: ನೀರಂಚಿನ ಮಣ್ಣಿನಲ್ಲಿ ಕೆಂಪು ಹುಳುಗಳು ಧಾರಾಳವಾಗಿದ್ದವು, ಮೂವತ್ತು ಮೀಟರ್ ಹಿಂದೆ ಅಪರೂಪ. ಗಣತಿಯ ಪಟ್ಟಿಯನ್ನು ಮುಂದಿಟ್ಟು ಅನುಮಾನಿಸಿದವರಿಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಕೊಟ್ಟಿರಲಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಹಿಂಡನ್ನು ಎಬ್ಬಿಸದೆ ನಲವತ್ತು ಮೀಟರಿನವರೆಗೆ ಸಾಗುವ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ, ಪ್ರಾಟಿಂಕೋಲ್‌ಗಳು ಮೊಟ್ಟೆಯಿಡುವ ದಿಬ್ಬವನ್ನೂ ಹೇಳುವುದಿಲ್ಲ. ಕ್ಯಾಮೆರಾದವರು ಅಲ್ಲಿಗೆ ನುಗ್ಗುವುದು ನನಗೆ ಬೇಡ. ಬರುವ ಫೆಬ್ರವರಿಯಿಂದ ಇದೇ ಎಣಿಕೆಯನ್ನು ಬೇಲೂರಿನ ಯಗಚಿ ಜಲಾಶಯದಲ್ಲೂ ನಡೆಸಲಿದ್ದೇನೆ. ಒಂಬತ್ತರ ಮೇಲೆ ಬಿಸಿಲಿನ ಝಳಕ್ಕೆ ಸ್ಕೋಪಿನಲ್ಲಿ ಎಲ್ಲವೂ ಕಲಕಿ ಕಾಣುವುದರಿಂದ, ನಸುಕಿನಲ್ಲೇ ಕೆಸರಿಗೆ ಇಳಿಯಬಲ್ಲವರು ಜೊತೆಗೂಡಬಹುದು.