ಈಲಿಯ ಓಕ್ ಕಂಬಗಳು: ಒಂದು ದಿನದ ರೈಲು ಪಯಣ

ಮಗಳ ಮನೆಗೆಂದು ಕೇಂಬ್ರಿಜ್‌ಗೆ ಹೋಗಿದ್ದಾಗ ಒಂದು ದಿನ ಒಬ್ಬಳೇ ಹತ್ತಿರದ ಈಲಿ ಎಂಬ ಊರಿನ ಹಳೆಯ ಕೆಥೆಡ್ರಲ್, ಅಂದರೆ ದೊಡ್ಡ ಚರ್ಚು, ನೋಡಲು ಹೊರಟೆ. ರೈಲಿನಲ್ಲಿ ಸುಮಾರು ಹದಿನೈದು ನಿಮಿಷದ ದಾರಿ. ಬೆಳಗಿನ ಗದ್ದಲ ಕಳೆದ ಮೇಲೆ ಟಿಕೆಟ್ ದರ ಇಳಿಯುತ್ತದೆ. ಹತ್ತು ಗಂಟೆಯ ಹೊತ್ತಿಗೆ ಹತ್ತಿ, ಮಗಳು ಹೇಳಿಕೊಟ್ಟಂತೆ ಎಡಗಡೆಯ ಕಿಟಕಿ ಹಿಡಿದೆ. ಹಿಂದೆ ಇಲ್ಲೆಲ್ಲ ಜೌಗು. 17ನೆಯ ಶತಮಾನದಲ್ಲಿ ಕಾಲುವೆ ತೋಡಿ, ನೀರು ಬಸಿದು ಹೊಲ ಮಾಡಿದರಂತೆ. ದಿಬ್ಬವೆಂಬುದೇ ಕಾಣದ ಆ ಬಯಲಿನ ಕೊನೆಯಲ್ಲಿ ಕೆಥೆಡ್ರಲ್ ಹಡಗಿನ ಹಾಗೆ ಮೇಲೆದ್ದಿತು.

ನಿಲ್ದಾಣದಿಂದ ನಡೆದೇ ಹೋದೆ. ಒಳಗೆ ಚಿತ್ರ ಬರೆದ ಉದ್ದನೆಯ ಮರದ ಚಾವಣಿಯಿದೆ. ಕತ್ತು ನೋಯದಂತೆ ನೋಡಲು ಗಾಲಿಯ ಮೇಲೆ ಕನ್ನಡಿ ಇಟ್ಟಿದ್ದಾರೆ; ತಳ್ಳಿಕೊಂಡು ಹೋಗುತ್ತ ಒಂದೊಂದೇ ಚಿತ್ರ ನೋಡಬಹುದು.

ಆದರೆ ನಾನು ಬಂದದ್ದು ಅಷ್ಟಕೋನ ಗೋಪುರಕ್ಕಾಗಿ. ಅದನ್ನು ಹತ್ತಲು ಬೇರೆ ಟಿಕೆಟ್, ಮಾರ್ಗದರ್ಶಕರ ಜೊತೆಗೇ ಹೋಗಬೇಕು, ಮೊದಲೇ ಕಾದಿರಿಸಿದ್ದೆ. 170 ಮೆಟ್ಟಿಲು, ಕೆಲವೆಡೆ ಭುಜ ಗೋಡೆಗೆ ತಾಗುವಷ್ಟು ಇಕ್ಕಟ್ಟು. ಮಂಡಿನೋವಿದ್ದವರು ಕೆಳಗೇ ಉಳಿಯುವುದು ಒಳ್ಳೆಯದು.

1322ರ ಫೆಬ್ರವರಿಯಲ್ಲಿ ಇಲ್ಲಿನ ನಡುಗೋಪುರ ಕುಸಿದುಬಿತ್ತು. ವಾಲ್ಸಿಂಗಮ್‌ನ ಅಲನ್ ಎಂಬ ಸನ್ಯಾಸಿ ಮರುನಿರ್ಮಾಣದ ಹೊಣೆ ಹೊತ್ತ. ಬಿದ್ದ ನಾಲ್ಕು ಕಂಬಗಳ ಜಾಗದಲ್ಲಿ ಮತ್ತೆ ನಾಲ್ಕನ್ನು ನಿಲ್ಲಿಸದೆ, ನಡುವಿನ ಜಾಗವನ್ನು ಅಗಲಿಸಿ ಎಂಟು ಮೂಲೆ ಮಾಡಿದರು. ಅಷ್ಟಗಲಕ್ಕೆ ಕಲ್ಲಿನ ಚಾವಣಿ ಭಾರ. ಆಗ ರಾಜನ ಬಡಗಿ ವಿಲಿಯಂ ಹರ್ಲಿ ಸುಮಾರು 63 ಅಡಿ ಉದ್ದದ ಎಂಟು ಓಕ್ ಕಂಬಗಳನ್ನು ಎತ್ತಿ ನಿಲ್ಲಿಸಿ ಮರದ ಶಿಖರ ಕಟ್ಟಿದ. ಮೇಲೆ ಆ ತೊಲೆಗಳ ನಡುವೆಯೇ ನಿಲ್ಲುತ್ತೇವೆ. ನಮ್ಮ ಹಳೆಯ ಮನೆಯ ಹಲಸಿನ ಕಂಬಗಳನ್ನು ಒರೆಸುತ್ತ ಬೆಳೆದವಳು ನಾನು. ಕಂಬಕ್ಕೆ ಕೈಯಿಟ್ಟಾಗ ಕಲ್ಲಿನ ಕಟ್ಟಡದಲ್ಲಿದ್ದೇನೆ ಎಂಬುದೇ ಮರೆತುಹೋಯಿತು.

ಮಾರ್ಗದರ್ಶಕರು ಹಲಗೆಯೊಂದರ ಅಗುಳಿ ಸರಿಸಿದರು. ಕೆಳಗಿನಿಂದ ದೇವದೂತರ ಚಿತ್ರಗಳೆಂದು ಕಂಡಿದ್ದವೆಲ್ಲ ಬಾಗಿಲುಗಳು! ಇಣುಕಿದರೆ ಆಳದಲ್ಲಿ ನೆಲ, ಅಲ್ಲಿ ಇರುವೆಗಳಂತೆ ಜನ.

ಕೆಥೆಡ್ರಲ್‌ಗೆ ಅಂಟಿಕೊಂಡಂತೆ ಮಾತೆ ಮರಿಯಳ ಪೂಜಾಮಂದಿರವಿದೆ. ಚರ್ಚಿನಲ್ಲಿ ವಿಗ್ರಹ ಬೇಡವೆಂದ 16ನೆಯ ಶತಮಾನದ ಕ್ರೈಸ್ತ ಧರ್ಮಸುಧಾರಣೆಯ ಕಾಲದಲ್ಲಿ ಅಲ್ಲಿನ ಸಾಲು ಸಾಲು ಶಿಲ್ಪಗಳ ತಲೆ ಒಡೆದುಹಾಕಿದ್ದಾರೆ. ಹಂಪಿಯಲ್ಲಿ ಆಗುವ ಸಂಕಟವೇ ಇಲ್ಲಿಯೂ ಆಯಿತು. ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಊಟ ಮುಗಿಸಿ, ನದಿಯ ದಡದಲ್ಲಿ ಕುಳಿತಿದ್ದು, ರೈಲಿಗೆ ಮುನ್ನ ಮತ್ತೊಮ್ಮೆ ಒಳಗೆ ಹೋದೆ. ಗೋಪುರದ ಕೆಳಗೆ ನಿಂತು ತಲೆಯೆತ್ತಿದೆ. ಹಲಗೆಗಳೆಲ್ಲ ಮುಚ್ಚಿದ್ದವು. ನಾನು ಇಣುಕಿದ್ದು ಯಾವ ದೇವದೂತನ ಬೆನ್ನ ಹಿಂದಿನಿಂದ ಎಂದು ಹುಡುಕಿದೆ, ಸಿಗಲಿಲ್ಲ.